ಹದಿನೇಳರ ಹೊಟ್ಟೆಯಲ್ಲಿ ಹದಿನೆಂಟು

“ನೀವೇ ಓದಿ ಮೇಡಂ. ನಾನು ಹೇಳಿದ್ರೆ ಮುದುಕನ ಕಣ್ಣು, ಏನೋ ಕಂಡಿರತ್ತೆ ಅಂತೀರಿ.”

ಕೋವಿ ಮೇಸ್ತ್ರಿ ಭೂತಗನ್ನಡಿಯನ್ನು ಇನ್‌ಸ್ಪೆಕ್ಟರ್ ಕಡೆಗೆ ಜರುಗಿಸಿದರು. ಮೇಜಿನ ಮೇಲೆ ಹಳೆಯ ಬನಿಯನ್ ಬಟ್ಟೆ ಹಾಸಿತ್ತು. ಅದರ ಮೇಲೆ ಗೇಣುದ್ದದ ಒಂದು ಉಕ್ಕಿನ ತುಂಡು, ಬಾಗಿದ ಹಿಡಿಕೆ ಸಮೇತ. ರೈಫಲ್ಲಿನ ಬೋಲ್ಟ್. ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಬಾಗಿಲು ಹಾಕುವುದು ಅದೇ. ಕುದುರೆ, ಅಂದರೆ ಟ್ರಿಗರ್, ಒತ್ತಿದಾಗ ತೋಟಾದ ಬೆನ್ನಿಗೆ ಮೊಳೆ ಹೊಡೆಯುವುದೂ ಅದೇ.

ಬೋಲ್ಟಿನ ಹೊಟ್ಟೆಯ ಕಡೆ ಐದು ಅಂಕಿಗಳಿದ್ದವು. ಕೊನೆಯ ಎರಡು, ಒಂದು ಮತ್ತು ಎಂಟು.

“ರೈಫಲ್ ಮೇಲೆ?”

“ಅದನ್ನೂ ನೋಡಿ.”

ಮೇಜಿನ ಅಂಚಿಗೆ ಬಿಗಿದ ಕಬ್ಬಿಣದ ವೈಸಿನ ದವಡೆಗೆ ಚರ್ಮದ ತುಂಡು ಕೊಟ್ಟು ರೈಫಲ್ಲನ್ನು ಹಿಡಿಸಿದ್ದರು. ನಳಿಗೆಯ ಬುಡದಲ್ಲೂ ಐದು ಅಂಕಿ, ಅದೇ ಅಕ್ಷರದ ಅಚ್ಚು, ಮೊದಲ ಮೂರೂ ಅವೇ. ಕೊನೆಯ ಎರಡು, ಒಂದು ಮತ್ತು ಏಳು.

ಇನ್‌ಸ್ಪೆಕ್ಟರ್ ಎರಡನ್ನೂ ಮೂರು ಸಲ ಓದಿದಳು. ಆಮೇಲೆ ಭೂತಗನ್ನಡಿಯನ್ನು ಬೋರಲು ಹಾಕಿ ಇಟ್ಟಳು.

ಹತ್ತೊಂಬತ್ತು ವರ್ಷದ ಹಿಂದೆ ಬೇಟೆಗೆ ಹೋಗಿ ಹೆಣವಾಗಿ ಬಂದ ದೊಡ್ಡ ಯಜಮಾನರ ರೈಫಲ್ ಅದು. ಅವರನ್ನು ಅದರಿಂದಲೇ ಕೊಂದನೆಂದು ಬೇಟೆಯ ಜಾಡು ತೋರಿಸುತ್ತಿದ್ದ ಅವರ ಜಾಡುಗಾರ ಇನ್ನೂ ಜೈಲಿನಲ್ಲಿದ್ದ.

“ಮೊದಲೇ ಯಾಕೆ ಯಾರಿಗೂ ಕಾಣಲಿಲ್ಲ ಇದು?” ಎಂದಳು.

“ಕೋರ್ಟಿನ ಉಗ್ರಾಣದವರು ಗ್ರೀಸು ಬಳಿದು ಇಟ್ಟಿದ್ರು. ತುಕ್ಕು ಹಿಡೀಬಾರದು ಅಂತ. ಪುಣ್ಯಾತ್ಮರು. ಆ ಗ್ರೀಸು ಅರಗಿನ ಹಾಗೆ ಗಟ್ಟಿಯಾಗಿತ್ತು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಜ್ಜೋ ಬ್ರಷ್ಷಲ್ಲಿ ಎಬ್ಬಿಸಿದೆ.” ಮೇಸ್ತ್ರಿ ಎಡಗಿವಿಯನ್ನು ಅವಳ ಕಡೆಗೆ ತಿರುಗಿಸಿ ಕೂತರು. ಬಲಗಿವಿ ನಲವತ್ತು ವರ್ಷದ ಪರೀಕ್ಷೆಯ ಗುಂಡುಗಳಿಗೆ ಹೋಗಿತ್ತು. “ಗ್ರೀಸು ಬಳಿಯೋಕೆ ಮೊದಲು ಯಾಕೆ ಕಾಣಲಿಲ್ಲ ಅಂದ್ರೆ, ಅದನ್ನ ನನ್ನ ಕೇಳಬೇಡಿ. ಕುದುರೆಗೆ ಕಟ್ಟಿದ ಚೀಟಿಯಲ್ಲಿ ನಿಮ್ಮ ಸಹಿ ಇತ್ತು. ಅದಕ್ಕೇ ನಿಮಗೇ ಫೋನ್ ಮಾಡಿದೆ.”

ಅವರು ಚುಚ್ಚಿ ಹೇಳಿದ್ದಲ್ಲ. ಆದರೂ ಅದು ಚುಚ್ಚಿತು.

ಅವಳು ಆಗ ಇಪ್ಪತ್ತನಾಲ್ಕರ ಸಬ್ ಇನ್‌ಸ್ಪೆಕ್ಟರ್. ಕೆಲಸಕ್ಕೆ ಸೇರಿ ಮೂರು ತಿಂಗಳು. ರೈಫಲ್ ಜಪ್ತಿ ಮಾಡಿದ ಮಹಜರು ಬರೆದದ್ದು ಅವಳು. ‘ರೈಫಲ್ ಒಂದು, ಬೋಲ್ಟ್ ಸಮೇತ’ ಎಂದು ಬರೆದು ನಳಿಗೆಯ ನಂಬರೊಂದನ್ನೇ ನಮೂದಿಸಿದ್ದಳು. ಬೋಲ್ಟಿಗೂ ಒಂದು ನಂಬರ್ ಇರುತ್ತದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ದೊಡ್ಡ ಯಜಮಾನರ ಎದೆ ಹೊಕ್ಕ ಗುಂಡು ಬೆನ್ನಿನಿಂದ ಹೊರಟು ಕಾಡು ಸೇರಿತ್ತು. ಸಿಕ್ಕಿದ್ದು ಒಂದೇ ಒಂದು ಖಾಲಿ ತೋಟಾ. ಅದರ ಬೆನ್ನಿನ ಮೊಳೆಯ ಗುರುತು ಈ ಬೋಲ್ಟಿಗೆ ತಾಳೆಯಾಯಿತು. ಹಾಗಾದರೆ ಹೊಡೆದದ್ದು ಈ ರೈಫಲ್ಲೇ. ಆ ಬೆಳಗ್ಗೆ ಯಜಮಾನರ ಹಿಂದೆ ಇದನ್ನು ಹೊತ್ತು ನಡೆದವನು ಜಾಡುಗಾರ. ನ್ಯಾಯಾಧೀಶರಿಗೆ ಇನ್ನೇನೂ ಬೇಕಾಗಲಿಲ್ಲ.

‘ನಾನು ಹೊಡೆದಿಲ್ಲ, ಸದ್ದು ಬಂದದ್ದು ಹಳ್ಳದ ಆಚೆಯಿಂದ’ ಎಂದು ಅವನು ಅಂದೂ ಹೇಳಿದ್ದ, ಇಂದೂ ಹೇಳುತ್ತಿದ್ದ. ಅವನ ಕೊನೆಯ ಅರ್ಜಿ ಗುರುವಾರ ಕೋರ್ಟಿನ ಮುಂದೆ ಬರುವುದಿತ್ತು. ಹೊಸ ಸಾಕ್ಷಿ ಇಲ್ಲದಿದ್ದರೆ ಅದು ಹತ್ತು ನಿಮಿಷದ ವಿಷಯ. ಜೈಲಿನ ಡಾಕ್ಟರು ಅವನ ಶ್ವಾಸಕೋಶದ ಬಗ್ಗೆ ಬರೆದ ಕಾಗದ ನೋಡಿದರೆ, ಇನ್ನೊಂದು ಅರ್ಜಿ ಹಾಕುವಷ್ಟು ದಿನ ಅವನಲ್ಲಿ ಉಳಿದಿರಲಿಲ್ಲ.

ಇವತ್ತು ಮಂಗಳವಾರ.

“ಹದಿನೆಂಟನೇ ನಂಬರಿನ ರೈಫಲ್ ಯಾರದು?” ಎಂದಳು, ಗೊತ್ತಿದ್ದೂ.

“ಯಜಮಾನರ ತಮ್ಮನದು. ಅವರಪ್ಪ ಎರಡನ್ನೂ ಒಂದೇ ದಿನ ತರಿಸಿದ್ದಂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಾಗೆ. ಇದರ ಬೋಲ್ಟ್ ಅದಕ್ಕೆ ಹೋಗತ್ತೆ, ಅದರದ್ದು ಇದಕ್ಕೆ.”

ಇನ್‌ಸ್ಪೆಕ್ಟರ್ ಮನೆಯಲ್ಲಿ ಅವಳಿ ಮಕ್ಕಳಿದ್ದರು. ಬೆಳಗ್ಗೆ ಎದ್ದರೆ ಇವನ ಶೂ ಅವನ ಕಾಲಲ್ಲಿ. ಅಳತೆ ಒಂದೇ. ಆದರೆ ಒಬ್ಬ ಹಿಮ್ಮಡಿ ಸವೆಸುತ್ತಾನೆ, ಇನ್ನೊಬ್ಬ ಹೆಬ್ಬೆರಳು.

“ಮೇಸ್ತ್ರಿ, ಇದು ಯಾವತ್ತೋ ಹಿಂದೆ ಅದಲುಬದಲಾಗಿ, ಅಲ್ಲಿಂದ ಹಾಗೇ ನಡೆದುಬಂದಿರಬಹುದಲ್ವಾ?”

“ಇಲ್ಲ.”

“ಅಷ್ಟು ಖಂಡಿತ?”

“ತೋರಿಸ್ತೀನಿ. ಆದರೆ ನಿಮಗೊಬ್ಬರಿಗೇ ತೋರಿಸಿ ಏನು ಬಂತು? ಅವರೂ ಬರಲಿ.” ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತಾಗಿತ್ತು. “ನಾಲ್ಕೂವರೆಗೆ ದೊಡ್ಡ ಯಜಮಾನರ ಹೆಂಡತಿ, ಅವರ ಮೈದುನ ಇಬ್ಬರೂ ಬರ್ತೀವಿ ಅಂದಿದ್ದಾರೆ. ಐದಕ್ಕೆ ವಸ್ತುಸಂಗ್ರಹಾಲಯದ ವ್ಯಾನು. ಕೋರ್ಟು ಅಮ್ಮಾವ್ರಿಗೆ ವಾಪಸ್ ಕೊಟ್ಟಿದ್ದನ್ನ ಅವರು ಅಲ್ಲಿಗೆ ಕೊಡ್ತಿದ್ದಾರೆ, ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಂತೆ.”

ಅವರು ಡ್ರಾಯರಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ರೈಫಲ್ ಜೊತೆ ಬಂದದ್ದು. ಟೈಪು ಮಾಡಿದ ಮೂರೇ ಸಾಲು, ಕೆಳಗೆ ಸಹಿಯಿಲ್ಲ. ‘ಲೋಹದ ಭಾಗಗಳನ್ನೆಲ್ಲ ಬಿಳಿ ಬರುವವರೆಗೆ ಉಜ್ಜಿ, ಹೊಳಪು ಕೊಟ್ಟು, ಹೊಸದಾಗಿ ಕಪ್ಪು ಹಾಕತಕ್ಕದ್ದು. ಬೋಲ್ಟನ್ನೂ ಸೇರಿಸಿ.’

“ಸಂಗ್ರಹಾಲಯದವರು ಹೀಗೆ ಬರೆಯಲ್ಲ,” ಎಂದರು ಮೇಸ್ತ್ರಿ. “ಅವರಿಗೆ ಬೆರಳಚ್ಚು ಬಿದ್ದರೂ ಜ್ವರ ಬರತ್ತೆ. ಹಳೇ ಬಣ್ಣ ಹಾಗೇ ಇರಲಿ, ಗೀರು ಹಾಗೇ ಇರಲಿ, ತುಕ್ಕು ಮಾತ್ರ ನಿಲ್ಲಿಸಿ ಅಂತಾರೆ. ಹೊಳಪು ಕೇಳೋರು ಮದುವೆಗೆ ಹೊರಟೋರು. ನಾನು ವೈದ್ಯ ಮೇಡಂ, ಬ್ಯೂಟಿ ಪಾರ್ಲರ್ ಅಲ್ಲ.”

ಅವರು ಮಾಡಿದ್ದು ಅಷ್ಟೇ ಆಗಿತ್ತು. ಮರದ ಹಿಡಿಯಲ್ಲಿ ಬಿದ್ದಿದ್ದ ನಜ್ಜನ್ನು ಒದ್ದೆ ಬಟ್ಟೆ, ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಆವಿಯಿಂದ ಮೇಲೆ ತಂದಿದ್ದರು. ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿದ್ದರು. ನಳಿಗೆಯ ಕೆಂಪು ತುಕ್ಕನ್ನು ನೀರಲ್ಲಿ ಕುದಿಸಿ ಕಪ್ಪಾಗಿಸಿ, ಉಕ್ಕಿನ ನಾರಿನಿಂದ ನೇವರಿಸಿದ್ದರು. ಅಂಕಿ, ಗೀರು, ಸವೆತ ಒಂದನ್ನೂ ಮುಟ್ಟಿರಲಿಲ್ಲ.

ಚೀಟಿಯನ್ನು ಅಕ್ಷರಶಃ ಪಾಲಿಸುವ ಬೇರೊಬ್ಬ ಕೆಲಸಗಾರನ ಕೈಗೆ ಸಿಕ್ಕಿದ್ದರೆ, ಜಾಡುಗಾರನ ಗುರುವಾರ ಉಜ್ಜುವ ಚಕ್ರದ ಮೇಲೆ ಪುಡಿಯಾಗಿ ಹೋಗುತ್ತಿತ್ತು.

ಬಾಗಿಲಿನ ಗಂಟೆ ಸದ್ದು ಮಾಡಿತು.

ಮೈದುನ ಮೊದಲು ಬಂದರು. ಊರಿನವರ ಬಾಯಲ್ಲಿ ಚಿಕ್ಕ ಯಜಮಾನರು. ಐವತ್ತು ದಾಟಿದರೂ ಇಸ್ತ್ರಿ ಮಾಡಿದ ಹಾಗಿದ್ದ ಮನುಷ್ಯ. ಹಿಂದೆ ಅತ್ತಿಗೆ, ಬಿಳಿಗೂದಲು, ಕೈಯಲ್ಲಿ ಕನ್ನಡಕದ ಪೆಟ್ಟಿಗೆ. ಒಳಗೆ ಬಂದವರು ನೇರ ರೈಫಲ್ಲಿನ ಹತ್ತಿರ ಹೋಗಿ ಮರದ ಮೇಲೆ ಒಮ್ಮೆ ಕೈಯಾಡಿಸಿದರು.

“ಒರಟು ಹೋಗಿದೆ,” ಎಂದರು.

“ಒರಟು ಹೋಗಿದೆ ಅಮ್ಮಾ, ವಯಸ್ಸು ಹೋಗಿಲ್ಲ,” ಎಂದರು ಮೇಸ್ತ್ರಿ.

ಚಿಕ್ಕ ಯಜಮಾನರ ಕಣ್ಣು ಬೋಲ್ಟಿನ ಮೇಲಿತ್ತು. ಆಮೇಲೆ ಇನ್‌ಸ್ಪೆಕ್ಟರ್ ಮೇಲೆ.

“ಮೇಡಂ ಇಲ್ಲಿ? ಲೈಸೆನ್ಸ್ ಎಲ್ಲ ಸರಿಯಿದೆಯಲ್ಲ.”

“ಲೈಸೆನ್ಸ್ ಸರಿಯಿದೆ. ನಂಬರ್ ಸರಿಯಿಲ್ಲ.”

ಅವಳು ಹೇಳಿದಳು, ಎರಡೇ ವಾಕ್ಯದಲ್ಲಿ. ಅವರು ಕೇಳಿಸಿಕೊಂಡು ನಕ್ಕರು. ಅಳತೆ ಇಟ್ಟ ನಗು.

“ಅಷ್ಟೇನಾ? ಅಣ್ಣ ತಮ್ಮಂದಿರ ಮನೆ ಮೇಡಂ. ನಂದೊಂದು ಟವೆಲ್ ಅವನ ಹತ್ತಿರ, ಅವನದೊಂದು ಬಾಚಣಿಗೆ ನನ್ನ ಹತ್ತಿರ. ನಮ್ಮಪ್ಪನ ಕಾಲದಲ್ಲೇ ಬದಲಾಗಿರತ್ತೆ. ಯಾರು ತಿರುಗಿಸಿ ನೋಡ್ತಾರೆ?”

“ನಿಮ್ಮ ಹದಿನೆಂಟು ಈಗ ಎಲ್ಲಿದೆ?”

“ಇಲ್ಲ. ಅಣ್ಣ ತೀರಿಕೊಂಡ ವರ್ಷವೇ ಸರಕಾರಕ್ಕೆ ಒಪ್ಪಿಸಿದೆ. ಅದನ್ನ ನೋಡೋಕಾಗ್ತಿರಲಿಲ್ಲ. ಕರಗಿಸಿಬಿಟ್ಟರಂತೆ.”

“ಹಾಗಾದ್ರೆ ಹದಿನೆಂಟರದು ಅಂತ ಭೂಮಿ ಮೇಲೆ ಉಳಿದಿರೋದು ಈ ಬೋಲ್ಟ್ ಒಂದೇ.”

ಅವರು ಅಂಗಿಯ ತೋಳಿನ ಮಡಿಕೆ ಸರಿಮಾಡಿಕೊಂಡರು.

“ಮೇಸ್ತ್ರಿ, ತೋರಿಸಿ,” ಎಂದಳು.

ಮೇಸ್ತ್ರಿ ಮೇಣದಬತ್ತಿ ಹಚ್ಚಿದರು. ಬೋಲ್ಟಿನ ತುದಿಯಲ್ಲಿ ಎದುರುಬದುರಾಗಿ ಎರಡು ಉಬ್ಬುಗಳಿದ್ದವು. ಕಿವಿಗಳ ಹಾಗೆ. ಗುಂಡು ಹಾರುವಾಗ ಹಿಂದಕ್ಕೆ ಒದೆಯುವ ಪೆಟ್ಟನ್ನೆಲ್ಲ ತಡೆಯುವುದು ಆ ಎರಡು ಕಿವಿಗಳು. ಉರಿಯ ಮೇಲೆ ಅವನ್ನು ಹಿಡಿದು ನಿಧಾನಕ್ಕೆ ತಿರುಗಿಸಿದರು. ಎರಡೂ ಮಸಿಯಿಂದ ಮಂಕಾದವು.

“ಈಗ ಒಳಗೆ ಹಾಕಿ ಮುಚ್ತೀನಿ. ಕಿವಿ ಎಲ್ಲಿ ಒತ್ತತ್ತೋ ಅಲ್ಲಿ ಮಸಿ ಹೋಗತ್ತೆ. ಒಂದು ಬೋಲ್ಟು, ಒಂದು ರೈಫಲ್ಲು ಮೂವತ್ತು ವರ್ಷ ಜೊತೆಗಿದ್ದರೆ ಎರಡೂ ಕಿವಿ ಸಮನಾಗಿ ಒತ್ತತ್ವೆ. ಸವೆದು ಸವೆದು ಒಂದಕ್ಕೊಂದು ಕೂತಿರತ್ತೆ.”

ಬೋಲ್ಟ್ ಒಳಗೆ ಹೋಯಿತು. ಹಿಡಿಕೆ ಕೆಳಗೆ ಬಿತ್ತು. ಮತ್ತೆ ಮೇಲೆ. ಅವರು ಅದನ್ನು ಹೊರಗೆ ಎಳೆದು ಬನಿಯನ್ ಬಟ್ಟೆಯ ಮೇಲಿಟ್ಟರು.

ಒಂದು ಕಿವಿಯ ಮಸಿ ಅಳಿಸಿ ಉಕ್ಕು ಹೊಳೆಯುತ್ತಿತ್ತು. ಇನ್ನೊಂದರದು ಹಚ್ಚಿದ ಹಾಗೇ ಇತ್ತು.

“ಈ ರೈಫಲ್ಲು ಮೂವತ್ತು ವರ್ಷ ಹೊಡೆದಿದೆ. ಈ ಬೋಲ್ಟೂ ಮೂವತ್ತು ವರ್ಷ ಹೊಡೆದಿದೆ,” ಎಂದರು ಮೇಸ್ತ್ರಿ. “ಆದರೆ ಇಬ್ಬರೂ ಒಟ್ಟಿಗೆ ಸಂಸಾರ ಮಾಡಿಲ್ಲ.”

ಮೇಣದಬತ್ತಿಯನ್ನು ಅವರು ಬೆರಳಿನಿಂದ ಆರಿಸಿದರು.

ಇನ್‌ಸ್ಪೆಕ್ಟರ್ ಚಿಕ್ಕ ಯಜಮಾನರ ಎದುರಿನ ಸ್ಟೂಲು ಎಳೆದುಕೊಂಡು ಕೂತಳು.

“ಈ ಬೋಲ್ಟು ಅವತ್ತಿನವರೆಗೂ ನಿಮ್ಮ ರೈಫಲ್ಲಲ್ಲಿತ್ತು. ಸಿಕ್ಕಿದ ತೋಟಾ ಈ ಬೋಲ್ಟಿಂದ ಹಾರಿದ್ದು. ಅಂದ್ರೆ ನಿಮ್ಮ ಅಣ್ಣನಿಗೆ ಬಿದ್ದ ಗುಂಡು ನಿಮ್ಮ ರೈಫಲ್ಲಿಂದ ಬಂತು. ಜಾಡುಗಾರನ ಹೆಗಲ ಮೇಲಿದ್ದದ್ದರಿಂದ ಅಲ್ಲ.”

“ರೈಫಲ್ ನಂದು. ಆದರೆ ನಾನು ಮನೇಲಿದ್ದೆ. ಜ್ವರ. ನಿಮ್ಮದೇ ಫೈಲಲ್ಲಿದೆ.”

“ಇದೆ. ಗೋಡೆ ಮೇಲಿನ ರೈಫಲ್ ತಾನಾಗೇ ಕಾಡಿಗೆ ಹೋಗಲ್ಲ.”

ಅವರು ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ಕನ್ನಡಕ ಹಾಕಿಕೊಂಡು ಬೋಲ್ಟಿನ ಅಂಕಿಯನ್ನು ಓದುತ್ತಿದ್ದರು.

“ಸರಿ. ಹೇಳಿಬಿಡ್ತೀನಿ,” ಎಂದರು ಚಿಕ್ಕ ಯಜಮಾನರು. “ಅವತ್ತು ನನ್ನ ರೈಫಲ್ ತಗೊಂಡು ಹೋದವರು ಮೀಸೆ ಸಾಹೇಬರು.”

ಮೀಸೆ ಸಾಹೇಬರು ಎಂದರೆ ಆಗಿನ ಠಾಣೆಯ ಮುಖ್ಯಸ್ಥರು. ಅವಳ ಮೊದಲ ಮೇಲಧಿಕಾರಿ. ನಿವೃತ್ತಿಯಾಗಿ ಈಗ ವಸ್ತುಸಂಗ್ರಹಾಲಯದ ಸಮಿತಿಗೆ ಅಧ್ಯಕ್ಷರು.

“ಹಿಂದಿನ ರಾತ್ರಿ ಊಟಕ್ಕೆ ಬಂದಿದ್ದರು. ಬೆಳಗ್ಗೆ ಅಣ್ಣ ಹೊರಟಾದ ಮೇಲೆ, ನಾನೂ ಒಂದು ಕೈ ನೋಡ್ತೀನಿ ಅಂದ್ರು. ಕೊಟ್ಟೆ. ಆಮೇಲೆ ನಡೆದದ್ದು ನಡೆದುಹೋಯಿತು. ತನಿಖೆ ಮಾಡೋ ಸಾಹೇಬರ ಮೇಲೆ ಯಾರ ಹತ್ತಿರ ದೂರು ಕೊಡಲಿ? ನಿಮ್ಮ ಹತ್ತಿರವಾ? ನೀವು ಆಗ ಅವರ ಹಿಂದೆ ಫೈಲ್ ಹಿಡಿದುಕೊಂಡು ಓಡಾಡ್ತಿದ್ರಿ.”

“ಈ ಚೀಟಿ?” ಅವಳು ಟೈಪು ಮಾಡಿದ್ದನ್ನು ಮೇಜಿನ ಮೇಲಿಟ್ಟಳು.

“ಅವರೇ ಫೋನಲ್ಲಿ ಹೇಳಿದ್ದು. ನಾನು ಟೈಪು ಮಾಡಿಸಿದೆ.”

ಇನ್‌ಸ್ಪೆಕ್ಟರ್ ಹತ್ತೊಂಬತ್ತು ವರ್ಷದ ಹಿಂದಿನದನ್ನು ನೆನೆದಳು. ಸಾವಿನ ಮಾರನೇ ಬೆಳಗ್ಗೆ ಅವಳು ಆ ಮನೆ ತಲುಪಿದಾಗ ಮೀಸೆ ಸಾಹೇಬರು ಆಗಲೇ ಅಲ್ಲಿದ್ದರು. ಎಷ್ಟು ಬೇಗ ಬಂದಿದ್ದಾರೆ ಎಂದು ಆಶ್ಚರ್ಯಪಟ್ಟಿದ್ದಳು. ರೈಫಲ್ಲಿನ ನಂಬರನ್ನು ಓದಿದ್ದು ಅವಳಲ್ಲ, ಅವರು. ಅವರು ಒಂದೊಂದೇ ಅಂಕಿ ಹೇಳಿದರು. ಅವಳು ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆದಳು. ‘ಸಾಕು, ಸಹಿ ಮಾಡಮ್ಮ’ ಎಂದಿದ್ದರು.

ಎಲ್ಲವೂ ಕೂಡಿ ಬರುತ್ತಿತ್ತು. ಅವಳಿಗೆ ಅದೇ ಹಿಡಿಸಲಿಲ್ಲ. ಸಾಹೇಬರು ಈಗ ಫೋನಿನಲ್ಲಿ ಹೇಳಿದ್ದು, ಅಂದು ರೈಫಲ್ ಕೇಳಿದ್ದು, ಎರಡಕ್ಕೂ ಆಧಾರ ಈ ಒಬ್ಬರ ಬಾಯಿ ಮಾತ್ರ.

ಅವಳು ಬ್ಯಾಗಿನಿಂದ ಮಹಜರಿನ ಫಾರಂ ತೆಗೆದಳು.

“ರೈಫಲ್ ಸಂಗ್ರಹಾಲಯಕ್ಕೆ ಹೋಗಲ್ಲ. ಜಪ್ತಿ ಮಾಡ್ತಿದ್ದೀನಿ. ಈ ಸಲ ಎರಡು ನಂಬರೂ ಬರೀತೀನಿ.”

“ಅದು ಅತ್ತಿಗೆಯ ಸ್ವತ್ತು,” ಎಂದರು ಚಿಕ್ಕ ಯಜಮಾನರು. “ವ್ಯಾನು ಇನ್ನೇನು ಬರತ್ತೆ. ಗುರುವಾರದ ಅರ್ಜಿ ಮುಗೀಲಿ, ಆಮೇಲೆ ಸಂಗ್ರಹಾಲಯದಿಂದಲೇ ತರಿಸಿಕೊಳ್ಳಿ. ಎಲ್ಲಿ ಓಡಿಹೋಗತ್ತೆ?”

ಗುರುವಾರದ ಅರ್ಜಿಯ ವಿಷಯ ಅವಳು ಎತ್ತಿರಲಿಲ್ಲ.

ಅವಳು ಬರೆಯುತ್ತಲೇ ಇದ್ದಳು. ಮಹಜರಿಗೆ ಮೇಸ್ತ್ರಿಯೇ ಒಬ್ಬ ಪಂಚ ಸಾಕ್ಷಿಯಾದರು. ಸಹಿ ಮಾಡುವಾಗ ನಾಲಿಗೆ ತುದಿ ಕಚ್ಚಿಕೊಂಡು ಒಂದೊಂದು ಅಕ್ಷರವನ್ನೂ ಕೆತ್ತಿದರು. ಇನ್ನೊಂದು ಸಹಿ ಬೇಕಿತ್ತು. ಅವಳು ಕಾಗದವನ್ನು ಅತ್ತಿಗೆಯ ಕಡೆಗೆ ತಿರುಗಿಸಿದಳು.

“ಮಾಲೀಕರು ನೀವು. ಕೊಡ್ತಿದ್ದೀರಿ ಅಂತ ನೀವೇ ಸಹಿ ಹಾಕಿದ್ರೆ ನಾಳೆ ಯಾರೂ ತಗಾದೆ ತೆಗೆಯೋಕಾಗಲ್ಲ. ಒಂದು ಮಾತು ಮಾತ್ರ ಕೇಳ್ತೀನಿ. ಮಾರನೇ ದಿನ ನಾವು ಬಂದಾಗ ಬೋಲ್ಟನ್ನ ನಮ್ಮ ಕೈಗೆ ಕೊಟ್ಟವರು ಯಾರು?”

“ನಾನು.” ಅತ್ತಿಗೆ ಪೆನ್ನು ತೆಗೆದುಕೊಂಡರು. “ಮನೇಲಿ ಮಕ್ಕಳಿದ್ದವು. ಅದಕ್ಕೆ ಬೇಟೆಯಿಂದ ಬಂದ ಕೂಡಲೇ ಬೋಲ್ಟ್ ಬಿಚ್ಚಿ ನನ್ನ ಕೈಗೆ ಕೊಡಬೇಕು, ರೈಫಲ್ ಮಾತ್ರ ಗೋಡೆಗೆ. ನಾನು ಈ ಮನೆಗೆ ಬಂದಾಗಿಂದ ನನ್ನ ಬೀರುವಲ್ಲೇ ಬೋಲ್ಟುಗಳು. ಬೀಗದ ಕೈ ನನ್ನ ಸೊಂಟದಲ್ಲಿ. ಅವತ್ತೂ ಹಾಗೇ.”

“ಹಾಗಾದರೆ ಅವಸರದಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬಂದಿರಬೇಕು.”

ಅವಳು ಅದನ್ನು ಒಂದು ಬಾಗಿಲು ತೆರೆದ ಹಾಗೆ ಹೇಳಿದ್ದಳು. ವಯಸ್ಸಾದ ಹೆಂಗಸು, ಅಂದು ಗಂಡನ ಹೆಣ ಮನೆಯಲ್ಲಿ. ತಪ್ಪಿ ಕೊಟ್ಟೆ ಎಂದರೆ ಯಾವ ಕೋರ್ಟೂ ಏನೂ ಮಾಡುತ್ತಿರಲಿಲ್ಲ. ಜಾಡುಗಾರನಿಗೂ ಅಷ್ಟು ಸಾಕಿತ್ತು.

“ಒಂದಕ್ಕೆ ಕೆಂಪು ಚೀಲ, ಒಂದಕ್ಕೆ ನೀಲಿ. ಹೊಲಿದದ್ದು ನಾನೇ,” ಎಂದರು ಅತ್ತಿಗೆ. “ತಪ್ಪಲಿಲ್ಲ. ಬದಲಾಯಿಸಿ ಕೊಟ್ಟೆ.”

ಮೇಸ್ತ್ರಿ ಎಡಗಿವಿಯನ್ನು ಇನ್ನಷ್ಟು ಮುಂದೆ ತಂದರು.

“ಅತ್ತಿಗೆ,” ಎಂದರು ಚಿಕ್ಕ ಯಜಮಾನರು.

“ಇರು ಪುಟ್ಟಾ.” ಐವತ್ತು ದಾಟಿದ ಮನುಷ್ಯನನ್ನು ಅವರು ಹಾಗೆ ಕರೆದದ್ದು ಆ ಅಂಗಡಿಯಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. “ನಾನು ಮದುವೆಯಾಗಿ ಬಂದಾಗ ಇವನಿಗೆ ಒಂಬತ್ತು ವರ್ಷ ಮೇಡಂ. ಶಾಲೆಗೆ ತಲೆ ಬಾಚಿ ಕಳಿಸಿದವಳು ನಾನು. ಅವರು ಹೋದರು, ತೋಟಾದ ಗುರುತು ಹಿಡಿದು ಇವನೂ ಹೋಗೋದು ಬೇಡ ಅಂತ ಬದಲಾಯಿಸಿದೆ. ಜಾಡುಗಾರನಿಗೆ ಒಂದೆರಡು ವರ್ಷ ಆಗಬಹುದು ಅಂದುಕೊಂಡಿದ್ದೆ. ಕಾಡಲ್ಲಿ ಕೈತಪ್ಪಿ ಹಾರಿದ ಗುಂಡು ಅಂತ ಬಿಟ್ಟುಬಿಡ್ತಾರೆ ಅಂದುಕೊಂಡಿದ್ದೆ. ಈಗ ಎಷ್ಟಾಯಿತು?”

“ಹತ್ತೊಂಬತ್ತು.”

ಅತ್ತಿಗೆ ತಲೆಯಾಡಿಸಿದರು, ಲೆಕ್ಕ ಸರಿಯಿದೆ ಎನ್ನುವ ಹಾಗೆ.

“ಬೇಟೆಗೆ ಹೋಗೋರು ಬೋಲ್ಟನ್ನ ನಿಮ್ಮ ಕೈಯಿಂದಲೇ ತಗೋಬೇಕಿತ್ತಲ್ವಾ?” ಇನ್‌ಸ್ಪೆಕ್ಟರ್ ದನಿ ಏರಲಿಲ್ಲ. “ಆ ಬೆಳಗ್ಗೆ ಹದಿನೆಂಟನ್ನ ಯಾರ ಕೈಗೆ ಕೊಟ್ಟಿರಿ?”

“ಪುಟ್ಟನ ಕೈಗೆ. ಬೂಟು ಹಾಕಿಕೊಂಡು ನಿಂತಿದ್ದ. ಜ್ವರ ಬಂದದ್ದು ಮಾರನೇ ದಿನ. ಹಿಂದಿನ ದಿನವೇ ಇತ್ತು ಅಂತ ನಿಮ್ಮ ಫೈಲಿಗೆ ಬರೆಸಿದವಳೂ ನಾನೇ.”

“ಗೇಟಿನ ಹತ್ತಿರ ಸಾಹೇಬರಿಗೆ ಕೊಟ್ಟೆ ಅಂದೆನಲ್ಲ,” ಎಂದರು ಚಿಕ್ಕ ಯಜಮಾನರು. ಮೊದಲ ಸಲ ಅವರ ಮಾತು ಅವಸರದಲ್ಲಿತ್ತು. “ಬೋಲ್ಟ್ ನಾನು ತಗೊಂಡೆ. ಹೋದವರು ಅವರು. ಅತ್ತಿಗೆ, ನೀವು ಒಳಗಿದ್ರಿ, ನಿಮಗೆ ಕಂಡಿರೋದಿಲ್ಲ.”

“ಇರಬಹುದು. ನನಗೆ ಗೇಟು ಕಾಣಲ್ಲ,” ಎಂದರು ಅತ್ತಿಗೆ. “ಆದರೆ ಹತ್ತೊಂಬತ್ತು ವರ್ಷದಲ್ಲಿ ಈ ಮಾತನ್ನ ನನಗೊಂದು ಸಲ ಹೇಳಬಹುದಿತ್ತಲ್ಲ ಪುಟ್ಟಾ. ನೀನು ಹೊಡೆದೆ ಅಂತಲೇ ನಾನು ನಿನಗೆ ಬಡಿಸಿದೆ. ದಿನಾ.”

ಹೊರಗೆ ವ್ಯಾನೊಂದು ಬಂದು ನಿಂತಿತು. ಇಂಜಿನ್ ಆಫ್ ಆಗಲಿಲ್ಲ.

ಅತ್ತಿಗೆ ಕಾಗದದ ಕೆಳಗೆ ಸಹಿಯ ಜಾಗ ಹುಡುಕಿದರು. ಇನ್‌ಸ್ಪೆಕ್ಟರ್ ಬೆರಳಿಟ್ಟು ತೋರಿಸಿದಳು.

“ಹಾಕಬೇಡಿ ಅತ್ತಿಗೆ,” ಎಂದರು ಚಿಕ್ಕ ಯಜಮಾನರು. ಅವಸರ ಹೋಗಿತ್ತು. ದನಿ ಮತ್ತೆ ಇಸ್ತ್ರಿಯಾಗಿತ್ತು. “ಸಹಿ ಬಿದ್ದರೆ ಈ ಕೇಸು ಮತ್ತೆ ಮೊದಲಿಂದ ಶುರುವಾಗತ್ತೆ. ಅವತ್ತು ಅಣ್ಣ ಹೊರಟದ್ದು ಬೇಟೆಗಲ್ಲ. ಯಾರನ್ನ ಹುಡುಕಿಕೊಂಡು ಹೋದ, ಯಾಕೆ ಹೋದ, ಅದನ್ನ ನಾನು ಕೋರ್ಟಲ್ಲಿ ನಿಂತು ಹೇಳಬೇಕಾಗತ್ತೆ. ನಿಮ್ಮ ಹೆಸರು ಹಿಡಿದು, ನಿಮ್ಮ ಮಾನ ಹೋಗೋ ಹಾಗೆ ಹೇಳಬೇಕಾಗತ್ತೆ.”

ಅತ್ತಿಗೆ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ಹೆಸರನ್ನು ಪೂರ್ತಿ ಬರೆದರು, ಕೆಳಗೆ ತಾರೀಖು ಹಾಕಿದರು, ಕಾಗದವನ್ನು ಇನ್‌ಸ್ಪೆಕ್ಟರ್ ಕಡೆಗೆ ತಳ್ಳಿದರು.

ಆಮೇಲೆ ಮೈದುನನ ಕಡೆ ತಿರುಗಿದರು.

“ಸಹಿ ಆಯಿತು. ಈಗಲೇ ಹೇಳು. ಮೇಡಂ ಬರೆದುಕೊಳ್ಳಲಿ.”